ಗೊತ್ತಿಲ್ಲ ಎಂಬುದು ಗೊತ್ತಾಗುವ ಬಗೆ



ತತ್ತ್ವಶಾಸ್ತ್ರದಲ್ಲಿ ಜ್ಞಾನದ ಬಗ್ಗೆ ಉಪನ್ಯಾಸಗಳು ಬೇಕಾದಷ್ಟು ನಡೆಯುತ್ತವೆ. ಅಜ್ಞಾನದ ಹೆಸರು ಅಲ್ಲಿ ಬಂದರೂ ಕಳೆದುಕೊಳ್ಳಬೇಕಾದ ಕತ್ತಲೆಯೆಂದು ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ನಮ್ಮ ದಾರ್ಶನಿಕರು ಹಾಗೆ ಮುಗಿಸಲಿಲ್ಲ. 'ನನಗೆ ಗೊತ್ತಿಲ್ಲ' ಎಂದು ಒಬ್ಬ ಹೇಳುತ್ತಾನಲ್ಲ, ಆ ಮಾತು ಹೇಗೆ ಸಾಧ್ಯವಾಯಿತು ಎಂದು ಅವರು ಕೇಳಿದರು. ಈ ಒಂದು ಪ್ರಶ್ನೆಯ ಸುತ್ತ ಸಾವಿರ ವರ್ಷದಷ್ಟು ವಾದ ನಡೆದಿದೆ. ಅದರಲ್ಲಿ ಒಂದು ದೊಡ್ಡ ಪಾಲು ನಮ್ಮ ನೆಲದಲ್ಲೇ, ಮುಳಬಾಗಿಲು, ವಿಜಯನಗರ, ಹೊಳೆನರಸೀಪುರಗಳಿಗೆ ಸಂಬಂಧಪಟ್ಟವರಿಂದ ನಡೆದದ್ದು. ಇವತ್ತು ಆ ವಾದದ ಒಳಗೆ ಸ್ವಲ್ಪ ದೂರ ನಿಮ್ಮನ್ನು ಕರೆದುಕೊಂಡು ಹೋಗಬೇಕೆಂದಿದ್ದೇನೆ.

ಪಾಠ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಎದ್ದು ನಿಂತು, 'ಸಾರ್, ನೀವು ಹೇಳಿದ ಅರ್ಥ ನನಗೆ ತಿಳಿಯಲಿಲ್ಲ' ಎನ್ನುತ್ತಾನೆ ಎಂದುಕೊಳ್ಳಿ. ಪಂಚಪಾದಿಕೆ ಎಂಬ ಅದ್ವೈತ ಗ್ರಂಥಕ್ಕೆ ವಿವರಣವೆಂಬ ವ್ಯಾಖ್ಯಾನ ಬರೆದ ಪ್ರಕಾಶಾತ್ಮರು ಎತ್ತಿಕೊಂಡದ್ದು ಇಂಥ ಅನುಭವವನ್ನೇ. ಈ ಮಾತು ಸುಳ್ಳೆಂದು ಯಾರೂ ಹೇಳುವುದಿಲ್ಲ. ಹುಡುಗನಿಗೆ ತಿಳಿದಿಲ್ಲ ಎಂಬುದು ನಿಜ, ತಿಳಿದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತು ಎಂಬುದೂ ನಿಜ. ಹಾಗಾದರೆ ಅವನಿಗೆ ಗೊತ್ತಿರುವುದು ಏನು? ಜ್ಞಾನದ ಅಭಾವ, ಅಂದರೆ ತಿಳಿವಳಿಕೆ ಇಲ್ಲದಿರುವುದು ಎಂದು ನ್ಯಾಯದರ್ಶನದವರಾದ ನೈಯಾಯಿಕರ ಉತ್ತರ. ಕೇಳುವುದಕ್ಕೆ ಸರಿಯಾಗಿದೆ. ಆದರೆ ಅಭಾವವನ್ನು ತಿಳಿಯುವುದಕ್ಕೆ ನೈಯಾಯಿಕರೇ ಒಂದು ಷರತ್ತು ಹಾಕಿದ್ದಾರೆ. ಯಾವುದು ಇಲ್ಲವೋ ಅದು ಏನೆಂದು ಮೊದಲು ತಿಳಿದಿರಬೇಕು. ಅದಕ್ಕೆ ಪ್ರತಿಯೋಗಿ ಎಂದು ಹೆಸರು. ಮೇಜಿನ ಮೇಲೆ ಪುಸ್ತಕವಿಲ್ಲ ಎಂದು ತಿಳಿಯಲು ಪುಸ್ತಕವೆಂದರೆ ಏನೆಂದು ಗೊತ್ತಿರಬೇಕಷ್ಟೆ.

ಈಗ ಈ ಷರತ್ತನ್ನು ಹುಡುಗನ ಮಾತಿಗೆ ಹಚ್ಚಿ ನೋಡಿ. ಅವನಲ್ಲಿ ಇಲ್ಲದಿರುವುದು ಒಂದು ಜ್ಞಾನ. ಎಂಥ ಜ್ಞಾನ? ಗುರು ಹೇಳಿದ ಅರ್ಥದ ಜ್ಞಾನ. ಆ ಜ್ಞಾನ ಏನೆಂದು ತಿಳಿಯಬೇಕಾದರೆ ಅದರ ವಿಷಯವೂ, ಅಂದರೆ ಆ ಅರ್ಥವೂ, ತಿಳಿಯಬೇಕು. ಅರ್ಥ ತಿಳಿದಿದ್ದರೆ ಜ್ಞಾನ ಇದ್ದೇ ಇದೆ, ಅಭಾವವೆಲ್ಲಿ ಬಂತು? ಅರ್ಥ ತಿಳಿಯದಿದ್ದರೆ ಪ್ರತಿಯೋಗಿ ತಿಳಿದಿಲ್ಲ, ಅಭಾವ ತಿಳಿಯುವುದು ಹೇಗೆ? ಎರಡು ಕಡೆಯಿಂದಲೂ ದಾರಿ ಮುಚ್ಚಿತು. ನಾವು ದಿನಕ್ಕೆ ಎಷ್ಟೋ ಸಲ ಆಡುವ ಮಾತು ಆಡಲಾಗದ ಮಾತಾಯಿತು.

ಹೀಗೆ ಕಟ್ಟಿಹಾಕಿದ ಮೇಲೆ ವಿವರಣಕಾರರು ತಮ್ಮ ಸಿದ್ಧಾಂತ ಇಡುತ್ತಾರೆ. ಅಜ್ಞಾನ ಬರೀ ಅಭಾವವಲ್ಲ, ಅದು ಭಾವರೂಪವಾದದ್ದು, ವಿಷಯವನ್ನು ಮುಚ್ಚುವಂಥದ್ದು. ಅದನ್ನು ತಿಳಿಯಲು ಕಣ್ಣು ಕಿವಿಗಳು ಬೇಕಿಲ್ಲ, ಅನುಮಾನವೂ ಬೇಕಿಲ್ಲ. ಒಳಗಿನ ಅರಿವಾದ ಸಾಕ್ಷಿಚೈತನ್ಯಕ್ಕೆ ಅದು ನೇರವಾಗಿ ಕಾಣುತ್ತದೆ. ಅಷ್ಟೇ ಅಲ್ಲ, ಜಗತ್ತಿನ ಯಾವ ವಸ್ತುವೂ ಸಾಕ್ಷಿಗೆ ಹೊರತಾಗಿಲ್ಲ. ಕೆಲವು ವಸ್ತುಗಳು ತಿಳಿದವುಗಳಾಗಿ ಅದರ ಎದುರಿಗಿವೆ, ಉಳಿದವು ತಿಳಿಯದವುಗಳಾಗಿ ಎದುರಿಗಿವೆ. ಈ ಕೊನೆಯ ಮಾತು ನನಗೆ ತುಂಬ ದೊಡ್ಡದೆನಿಸುತ್ತದೆ. ಅಜ್ಞಾನವೆಂದರೆ ವಿಷಯದಿಂದ ದೂರವಿರುವುದು ಎಂದು ನಾವು ಸಾಮಾನ್ಯವಾಗಿ ತಿಳಿದುಕೊಂಡಿರುತ್ತೇವೆ. ವಿವರಣಕಾರರ ಪ್ರಕಾರ ಅಜ್ಞಾನವೂ ವಿಷಯದ ಜೊತೆ ಒಂದು ಸಂಬಂಧವೇ. ಯಾವುದರ ಅಜ್ಞಾನ ಎಂದು ಹೇಳದೆ ಅಜ್ಞಾನವನ್ನು ಹೇಳುವುದಕ್ಕೇ ಆಗುವುದಿಲ್ಲ.

ನೈಯಾಯಿಕರು ಸುಮ್ಮನಿರುತ್ತಾರೆಯೇ? ಅವರ ಸಮಾಧಾನ ಹೀಗಿದೆ. ಹುಡುಗನಿಗೆ ಆ ಅರ್ಥ ಸಾಮಾನ್ಯವಾಗಿ ತಿಳಿದಿದೆ, ವಿಶೇಷವಾಗಿ ತಿಳಿದಿಲ್ಲ. 'ಗುರು ಹೇಳಿದ ಏನೋ ಒಂದು ಅರ್ಥ' ಎಂಬ ಮಟ್ಟದಲ್ಲಿ ಅದು ಗೊತ್ತು. ಪ್ರತಿಯೋಗಿಯನ್ನು ಗುರುತಿಸಲು ಅಷ್ಟು ಸಾಕು. ಅದ್ವೈತಿಗಳು ಬಿಡುವುದಿಲ್ಲ. ಸಾಮಾನ್ಯ ಗೊತ್ತಿದೆ ಎಂದಮೇಲೆ ಅದರ ಅಜ್ಞಾನವಿಲ್ಲ. ಅಜ್ಞಾನ ಇರುವುದು ವಿಶೇಷದ ಬಗ್ಗೆ. ಆ ವಿಶೇಷ ನಿನಗೆ ಗೊತ್ತೋ ಇಲ್ಲವೋ? ಅದೇ ಪ್ರಶ್ನೆ ಒಂದು ಮೆಟ್ಟಿಲು ಕೆಳಗಿಳಿದು ಮತ್ತೆ ಕೇಳಿಸುತ್ತದೆ.

ಇಲ್ಲಿ ರಾಮಾನುಜರು ಶ್ರೀಭಾಷ್ಯದಲ್ಲಿ ಮಾಡಿದ ಆಕ್ಷೇಪವನ್ನು ಕೇಳಬೇಕು. ಮೇಲುಕೋಟೆಯ ನೆನಪಿನಿಂದ ರಾಮಾನುಜರನ್ನು ನಾವು ಭಕ್ತಿಯ ಆಚಾರ್ಯರಾಗಿ ಹೆಚ್ಚು ಕಾಣುತ್ತೇವೆ. ಅವರ ತರ್ಕದ ಹರಿತವನ್ನು ಕಾಣಬೇಕಾದರೆ ಅವಿದ್ಯೆ ಎಂದು ಅದ್ವೈತಿಗಳು ಕರೆಯುವ ಈ ಅಜ್ಞಾನದ ಮೇಲೆ ಅವರು ಹೊರಿಸಿದ ಏಳು ಅನುಪಪತ್ತಿಗಳನ್ನು, ಅಂದರೆ ಅಸಂಗತಿಗಳನ್ನು, ಓದಬೇಕು. ಅವರ ಪ್ರಶ್ನೆಯ ಸಾರ ಇಷ್ಟು: ನಿಮ್ಮ ಅಜ್ಞಾನ ಭಾವರೂಪವೇ ಆಗಲಿ, ಅದಕ್ಕೂ ಒಂದು ವಿಷಯ ಬೇಕಷ್ಟೆ? ಆ ವಿಷಯ ಸ್ಪಷ್ಟವಾಗಿ ತಿಳಿದಿದ್ದರೆ ಅಲ್ಲಿ ಅಜ್ಞಾನ ನಿಲ್ಲುವುದಿಲ್ಲ. ತಿಳಿದೇ ಇಲ್ಲದಿದ್ದರೆ ಇದರ ಅಜ್ಞಾನ ಎಂಬ ಅನುಭವ ಬರುವುದಿಲ್ಲ. ಅಸ್ಪಷ್ಟವಾಗಿ ತಿಳಿದಿರುತ್ತದೆ, ಸ್ಪಷ್ಟ ಜ್ಞಾನ ಮಾತ್ರ ಅಜ್ಞಾನಕ್ಕೆ ವಿರೋಧಿ ಎಂದು ನೀವು ಹೇಳುವುದಾದರೆ, ಅದೇ ಸಮಾಧಾನವನ್ನು ಅಭಾವ ಎಂದು ಒಪ್ಪಿದವರೂ ಹೇಳಬಹುದಲ್ಲ? ಹೊಸದೊಂದು ಭಾವಪದಾರ್ಥವನ್ನು ಒಪ್ಪಿ ನಿಮಗೆ ಸಿಕ್ಕ ಲಾಭವೇನು?

ಈ ಆಕ್ಷೇಪ ಗಟ್ಟಿಯಾದದ್ದೆಂದು ನನ್ನ ಅಭಿಪ್ರಾಯ. ಅಜ್ಞಾನ ಅಭಾವವೋ ಭಾವವೋ ಎಂಬ ಮಟ್ಟದಲ್ಲಿ ವಿವರಣಕಾರರು ಗೆದ್ದರೆಂದು ನಾನು ಹೇಳಲಾರೆ. ಆದರೆ ಅವರು ತೋರಿಸಿಕೊಟ್ಟ ಒಂದು ಸಂಗತಿಯನ್ನು ರಾಮಾನುಜರೂ ಅಲ್ಲಗಳೆಯಲಿಲ್ಲ, ನೈಯಾಯಿಕರೂ ಅಲ್ಲಗಳೆಯಲಿಲ್ಲ. ಪೂರ್ತಿ ತಿಳಿದವನಿಗೆ ಅಜ್ಞಾನವಿಲ್ಲ, ಏನೂ ತಿಳಿಯದವನಿಗೆ ತನ್ನ ಅಜ್ಞಾನದ ಅರಿವಿಲ್ಲ. ಅರೆ ತಿಳಿದ ಎಡೆಯಲ್ಲಿ ಮಾತ್ರ 'ಗೊತ್ತಿಲ್ಲ' ಎಂಬ ಮಾತು ಹುಟ್ಟುತ್ತದೆ. ಮೂವರೂ ಬೇರೆ ಬೇರೆ ದಾರಿಯಿಂದ ಬಂದು ಇಲ್ಲಿ ಸೇರುತ್ತಾರೆ.

ಗ್ರೀಸ್ ದೇಶದಲ್ಲಿ ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಪ್ಲೇಟೋ ಬರೆದ ಮೆನೋ ಎಂಬ ಸಂವಾದದಲ್ಲೂ ಇದಕ್ಕೆ ಹತ್ತಿರದ ತೊಡಕಿದೆ. ತಿಳಿದದ್ದನ್ನು ಹುಡುಕಬೇಕಾಗಿಲ್ಲ, ತಿಳಿಯದ್ದನ್ನು ಹುಡುಕಲಾಗುವುದಿಲ್ಲ, ಸಿಕ್ಕರೂ ಇದೇ ಅದು ಎಂದು ಗುರುತಿಸುವುದು ಹೇಗೆ ಎಂದು ಮೆನೋ ಸಾಕ್ರೆಟಿಸನನ್ನು ಕೇಳುತ್ತಾನೆ. ಆತ್ಮ ಹಿಂದೆಯೇ ಎಲ್ಲವನ್ನೂ ಕಂಡಿದೆ, ಕಲಿಯುವುದೆಂದರೆ ನೆನಪಿಸಿಕೊಳ್ಳುವುದು ಎಂಬ ಉತ್ತರ ಅಲ್ಲಿ ಬರುತ್ತದೆ. 1854ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಫೆರಿಯರ್ ತನ್ನ ತತ್ತ್ವಗ್ರಂಥದಲ್ಲಿ ಜ್ಞಾನಮೀಮಾಂಸೆಯ ಪಕ್ಕದಲ್ಲೇ ಅಜ್ಞಾನಮೀಮಾಂಸೆಗೂ ಒಂದು ಪ್ರತ್ಯೇಕ ಭಾಗ ಕೊಟ್ಟ. ಯಾವುದನ್ನು ತಿಳಿಯಲು ಸಾಧ್ಯವೋ ಅದರ ಬಗ್ಗೆ ಮಾತ್ರ ಅಜ್ಞಾನ ಇರಲು ಸಾಧ್ಯ ಎಂಬುದು ಅವನ ವಾದ. ಪಶ್ಚಿಮದಲ್ಲಿ ಅವನ ಜ್ಞಾನಮೀಮಾಂಸೆಯ ಹೆಸರು ಉಳಿಯಿತು, ಅಜ್ಞಾನಮೀಮಾಂಸೆಯ ಹೆಸರು ಹೆಚ್ಚು ಕಡಿಮೆ ಮರೆಯಾಯಿತು.

ನಮ್ಮಲ್ಲಿ ಶಂಕರರು ಬ್ರಹ್ಮಸೂತ್ರದ ಮೊದಲನೆಯ ಸೂತ್ರಕ್ಕೆ ಭಾಷ್ಯ ಬರೆಯುವಾಗಲೇ ಈ ತೊಡಕನ್ನು ಎದುರಿಸಿದರು. ಬ್ರಹ್ಮವನ್ನು ವಿಚಾರ ಮಾಡಬೇಕು ಎಂದು ಸೂತ್ರ ಹೇಳುತ್ತದೆ. ಆ ಬ್ರಹ್ಮ ಪ್ರಸಿದ್ಧವೋ ಅಪ್ರಸಿದ್ಧವೋ ಎಂದು ಪೂರ್ವಪಕ್ಷಿ ಕೇಳುತ್ತಾನೆ. ಪ್ರಸಿದ್ಧವಾದರೆ ವಿಚಾರ ಬೇಕಿಲ್ಲ, ಅಪ್ರಸಿದ್ಧವಾದರೆ ವಿಚಾರ ಆಗುವುದಿಲ್ಲ. ಶಂಕರರ ಉತ್ತರವನ್ನು ಗಮನವಿಟ್ಟು ಕೇಳಬೇಕು. ಬ್ರಹ್ಮ ಎಲ್ಲರ ಆತ್ಮವಾದ್ದರಿಂದ ಪ್ರಸಿದ್ಧವೇ, ನಾನಿಲ್ಲ ಎಂದು ಯಾರಿಗೂ ಅನಿಸುವುದಿಲ್ಲ. ಹಾಗಾದರೆ ವಿಚಾರ ಏಕೆ? ಅದರ ವಿಶೇಷದ ಬಗ್ಗೆ ವಿಪ್ರತಿಪತ್ತಿ, ಅಂದರೆ ಭಿನ್ನಾಭಿಪ್ರಾಯ, ಇರುವುದರಿಂದ. ದೇಹವೇ ನಾನು ಎನ್ನುವವರಿದ್ದಾರೆ, ಇಂದ್ರಿಯ ಎನ್ನುವವರಿದ್ದಾರೆ, ಮನಸ್ಸು ಎನ್ನುವವರು, ಕ್ಷಣಿಕ ವಿಜ್ಞಾನ ಎನ್ನುವವರು, ಶೂನ್ಯ ಎನ್ನುವವರು, ಕರ್ತೃ ಮತ್ತು ಭೋಕ್ತೃ ಎನ್ನುವವರು, ಹೀಗೆ ಪಟ್ಟಿ ಸಾಗುತ್ತದೆ.

ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದಿರುವುದು ಈ ಉತ್ತರದಲ್ಲಿದೆ. ಸಾಮಾನ್ಯ ಗೊತ್ತಿದೆ, ವಿಶೇಷ ಗೊತ್ತಿಲ್ಲ ಎಂಬುದಕ್ಕೆ ಶಂಕರರು ಕೊಡುವ ಸಾಕ್ಷ್ಯ ಒಬ್ಬನ ಒಳಗಿನ ಅನುಭವದಲ್ಲಿ ಇಲ್ಲ, ಜನರ ನಡುವಿನ ಭಿನ್ನಾಭಿಪ್ರಾಯದಲ್ಲಿದೆ. ಇಬ್ಬರು ಜಗಳವಾಡಬೇಕಾದರೆ ಇಬ್ಬರೂ ಒಂದೇ ವಸ್ತುವಿನ ಬಗ್ಗೆ ಮಾತಾಡುತ್ತಿರಬೇಕು, ಅಲ್ಲಿಗೆ ಸಾಮಾನ್ಯ ಗೊತ್ತಿದೆ. ಇಬ್ಬರ ಮಾತೂ ಬೇರೆಯಾಗಿರಬೇಕು, ಅಲ್ಲಿಗೆ ವಿಶೇಷ ತೀರ್ಮಾನವಾಗಿಲ್ಲ. ಒಬ್ಬನೇ ಕುಳಿತಿದ್ದರೆ ತನ್ನ ದೃಷ್ಟಿಯೇ ವಸ್ತುವೆಂದು ನಂಬಿರುತ್ತಿದ್ದ. ಎದುರಿನವನು ಬೇರೆ ಹೇಳಿದಾಗಲೇ ಇಲ್ಲಿ ನನಗೆ ಗೊತ್ತಿಲ್ಲದ್ದು ಏನೋ ಇದೆ ಎಂದು ಕಾಣುತ್ತದೆ. ಸಂಶಯ ಹುಟ್ಟುವ ಕಾರಣಗಳಲ್ಲಿ ವಿಪ್ರತಿಪತ್ತಿಯೂ ಒಂದೆಂದು ಗೌತಮರ ನ್ಯಾಯಸೂತ್ರ ಮೊದಲೇ ಹೇಳಿತ್ತು. ವಾದ ಮಾಡುವುದು ತಿಳಿದವರ ಪ್ರದರ್ಶನ ಎಂದು ಭಾವಿಸಿರುವವರು ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡಿದ್ದಾರೆ. ಅಜ್ಞಾನ ಎಲ್ಲಿದೆ, ಎಷ್ಟಿದೆ, ಯಾವ ವಿಷಯದ ಮೇಲಿದೆ ಎಂದು ಕಾಣುವುದೇ ವಾದದಿಂದ.

ಹಾಗೆ ಕಾಣಬೇಕಾದರೆ ವಾದ ಒಂದು ಶಿಸ್ತಿನಲ್ಲಿ ನಡೆಯಬೇಕು. ನ್ಯಾಯಸೂತ್ರ ಮೂರು ಬಗೆ ಮಾಡಿದೆ. ತತ್ತ್ವವನ್ನು ತಿಳಿಯಲು ಪ್ರಮಾಣ ಮತ್ತು ತರ್ಕಗಳಿಂದ ನಡೆಸುವುದು ವಾದ, ಗೆಲ್ಲಲೆಂದು ಛಲ, ಜಾತಿ ಎಂಬ ಕುಯುಕ್ತಿಗಳನ್ನೂ ಬಳಸುವುದು ಜಲ್ಪ, ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಿನದನ್ನು ಮಾತ್ರ ಕೆಡವುವುದು ವಿತಂಡಾ. ಇದು ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ನಾನು ನಿಮ್ಮ ಗಮನಕ್ಕೆ ತರಬೇಕೆಂದಿರುವುದು ಸೂತ್ರದ ಕೊನೆಯ ಅಧ್ಯಾಯದ ನಿಗ್ರಹಸ್ಥಾನಗಳನ್ನು, ಅಂದರೆ ವಾದಿ ಸೋತನೆಂದು ತೀರ್ಮಾನಿಸುವ 22 ಸಂದರ್ಭಗಳನ್ನು. ಅವುಗಳಲ್ಲಿ ಒಂದು ಅನನುಭಾಷಣ. ಎದುರಾಳಿ ಮೂರು ಸಲ ಹೇಳಿ, ಸಭೆಗೂ ಅರ್ಥವಾದ ಮಾತನ್ನು ನೀನು ತಿರುಗಿ ಹೇಳಲಾರದೆ ಹೋದರೆ ನೀನು ಸೋತೆ. ಅದರ ಪಕ್ಕದಲ್ಲೇ ಇನ್ನೊಂದು, ಅದರ ಹೆಸರೇ ಅಜ್ಞಾನ: ಹಾಗೆ ಹೇಳಿದ ಮಾತು ನಿನಗೆ ಅರ್ಥವಾಗದೆ ಹೋದರೂ ಸೋತೆ. ಇಲ್ಲಿಗೆ ನಿಂತಿದ್ದರೆ ಇದು ಎಡವಟ್ಟಾಗಿ ಮಾತಾಡುವವರಿಗೆ ಅನುಕೂಲವಾಗುತ್ತಿತ್ತು. ಅದಕ್ಕೇ ಅವಿಜ್ಞಾತಾರ್ಥ ಎಂಬ ಮತ್ತೊಂದಿದೆ. ಮೂರು ಸಲ ಹೇಳಿದರೂ ಸಭೆಗೂ ಎದುರಾಳಿಗೂ ತಿಳಿಯದಂತೆ ಮಾತಾಡಿದವನು ತಾನೇ ಸೋತ. ತಿಳಿಸುವ ಹೊಣೆ ಹೇಳುವವನ ಮೇಲೆ, ತಿಳಿದುಕೊಂಡದ್ದನ್ನು ತೋರಿಸುವ ಹೊಣೆ ಕೇಳುವವನ ಮೇಲೆ. ಉತ್ತರ ಕೊಡುವ ಸರದಿ ಬರುವುದು ಇವೆರಡೂ ಆದ ಮೇಲೆ.

ಚರಕಸಂಹಿತೆಯ ವಿಮಾನಸ್ಥಾನದ 8ನೇ ಅಧ್ಯಾಯದಲ್ಲಿ ವೈದ್ಯರು ವೈದ್ಯರೊಡನೆ ಚರ್ಚಿಸುವ ಕ್ರಮ ವಿವರವಾಗಿದೆ. ಸ್ನೇಹದ ಚರ್ಚೆ ಒಂದು, ಸ್ಪರ್ಧೆಯ ಚರ್ಚೆ ಇನ್ನೊಂದು. ಸ್ಪರ್ಧೆಯಲ್ಲಿ ಎದುರಾಳಿಯ ಬಲಾಬಲ ಅಳೆಯುವ ಉಪಾಯಗಳನ್ನೂ ಚರಕ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಸ್ನೇಹದ ಚರ್ಚೆಯ ಬಗ್ಗೆ ಹೇಳುವಾಗ ಮಾತ್ರ ಅದರ ದನಿ ಬೇರೆ. ಸಿಟ್ಟಿಲ್ಲದ, ತಿಳಿವಳಿಕೆಯುಳ್ಳ ಜೊತೆಗಾರನೊಡನೆ ಅಳುಕಿಲ್ಲದೆ ಕೇಳು, ಅಳುಕಿಲ್ಲದೆ ಹೇಳು, ಸೋಲುವ ಭಯ ಬೇಡ, ಗೆದ್ದರೆ ಹಿಗ್ಗಬೇಡ. ರೋಗಿಯ ಪ್ರಾಣದ ಹೊಣೆ ಹೊತ್ತವರಿಗೆ ತಮಗೆ ಯಾವುದು ಗೊತ್ತಿಲ್ಲ ಎಂದು ತಿಳಿದಿರುವುದು ಎಷ್ಟು ಅಗತ್ಯ ಎಂದು ಬೇರೆ ವಿವರಿಸಬೇಕಾಗಿಲ್ಲ.

ಈ ಶಿಸ್ತು ಇವತ್ತಿಗೂ ಪೂರ್ತಿ ಹೋಗಿಲ್ಲ. ಶೃಂಗೇರಿಯಲ್ಲಿ ಗಣೇಶ ಚತುರ್ಥಿಯ ಸಮಯದಲ್ಲಿ ನಡೆಯುವ ವಿದ್ವತ್ಸಭೆಯಂಥ ವಾಕ್ಯಾರ್ಥಸಭೆಗಳಲ್ಲಿ ಅದನ್ನು ಈಗಲೂ ಕಾಣಬಹುದು. ವಾಕ್ಯಾರ್ಥ ಹೇಳುವ ವಿದ್ವಾಂಸ ಪೂರ್ವಪಕ್ಷವನ್ನು ಮೊದಲು ಇಡುತ್ತಾನೆ. ನಡುವೆ ಹಿರಿಯರೊಬ್ಬರು ಶಂಕೆ ಎತ್ತುತ್ತಾರೆ. ಒಳ್ಳೆಯ ತರಬೇತಿಯಾದವನು ತಕ್ಷಣ ಉತ್ತರಕ್ಕೆ ಕೈ ಹಾಕುವುದಿಲ್ಲ. ತಮ್ಮ ಆಶಯ ಹೀಗಲ್ಲವೇ ಎಂದು ಶಂಕೆಯನ್ನು ಅನುವಾದ ಮಾಡುತ್ತಾನೆ, ಕೆಲವು ಸಲ ಅವರು ಹೇಳಿದ್ದಕ್ಕಿಂತ ಬಲವಾಗಿಯೇ. ಹಿರಿಯರು ತಲೆಯಾಡಿಸಿದ ಮೇಲೆ ಸಮಾಧಾನ. ಅನುವಾದ ತಪ್ಪಿದರೆ 'ನಾನು ಹಾಗೆ ಹೇಳಲಿಲ್ಲ' ಎಂದು ಅವರು ತಡೆಯುತ್ತಾರೆ, ಆತ ಮತ್ತೆ ಪ್ರಯತ್ನಿಸಬೇಕು. ಸಂಸ್ಕೃತ ಬಾರದವರೂ ಮುಖಗಳನ್ನು ನೋಡಿಯೇ ಇದನ್ನು ಅರಿಯಬಹುದು. ಟೀವಿಯ ಚರ್ಚೆಗಳಿಗೆ ಒಗ್ಗಿಕೊಂಡ ನಮ್ಮ ಕಿವಿಗೆ ಎದುರಾಳಿಯ ಮಾತನ್ನು ಅವನಿಗೆ ಒಪ್ಪಿಗೆಯಾಗುವಂತೆ ತಿರುಗಿ ಹೇಳುವುದು ಎಂಬ ಈ ಒಂದು ನಿಯಮ ಎಷ್ಟು ದೊಡ್ಡ ಬದಲಾವಣೆ ತರಬಲ್ಲದು!

ಈ ನಿಯಮದ ಅತ್ಯುನ್ನತ ಉದಾಹರಣೆ ನಮ್ಮವರದೇ. ಬನ್ನೂರಿನಲ್ಲಿ ಹುಟ್ಟಿ, ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ಓದಿ, ಕೃಷ್ಣದೇವರಾಯನ ಕಾಲದ ವಿಜಯನಗರದಲ್ಲಿ ಮಾನ್ಯರಾಗಿದ್ದ ವ್ಯಾಸತೀರ್ಥರು (1460-1539) ಅದ್ವೈತವನ್ನು ಖಂಡಿಸಲು ನ್ಯಾಯಾಮೃತವನ್ನು ಬರೆದರು. ದಾಸಸಾಹಿತ್ಯದ ಮೂಲಕ ಅವರನ್ನು ವ್ಯಾಸರಾಯರೆಂದು ಬಲ್ಲ ಕನ್ನಡಿಗರು ಈ ಗ್ರಂಥದ ಕಡೆ ತಿರುಗುವುದು ಕಡಿಮೆ. ಜಗತ್ತು ಮಿಥ್ಯೆ ಎನ್ನುವುದನ್ನು ಖಂಡಿಸುವ ಮೊದಲು ಮಿಥ್ಯೆ ಎಂದರೇನೆಂದು ಅದ್ವೈತಿಗಳು ಎಲ್ಲೆಲ್ಲಿ ಏನೇನು ಹೇಳಿದ್ದಾರೆಂದು ಅವರು ನೋಡಿದರು. ಪದ್ಮಪಾದರದೊಂದು, ಪ್ರಕಾಶಾತ್ಮರದೆರಡು, ಚಿತ್ಸುಖರದೊಂದು, ಆನಂದಬೋಧರದೊಂದು, ಹೀಗೆ ಐದು ಲಕ್ಷಣಗಳನ್ನು ಆರಿಸಿ, ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿದರು. ಬೇರೆ ಬೇರೆ ಗ್ರಂಥಗಳಲ್ಲಿ ಚದುರಿದ್ದವನ್ನು ಒಂದೆಡೆ ಸಾಲಾಗಿ ಇಟ್ಟದ್ದು ಎದುರಾಳಿ. ವಂಗದೇಶದ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯಲ್ಲಿ ಉತ್ತರ ಬರೆದಾಗ ಅದೇ ಐದನ್ನು ಅದೇ ಸಾಲಿನಲ್ಲಿ ಎತ್ತಿಕೊಂಡರು. ಇವತ್ತು ಅದ್ವೈತದ ವಿದ್ಯಾರ್ಥಿ ಪ್ರಥಮ ಮಿಥ್ಯಾತ್ವ, ದ್ವಿತೀಯ ಮಿಥ್ಯಾತ್ವ ಎಂದು ಪಾಠ ಒಪ್ಪಿಸುವಾಗ ವ್ಯಾಸತೀರ್ಥರು ಹಾಕಿದ ಕ್ರಮವನ್ನೇ ಅನುಸರಿಸುತ್ತಿರುತ್ತಾನೆ. ಅದ್ವೈತಕ್ಕೆ ತನ್ನ ಮಾತಿನಲ್ಲಿ ಎಲ್ಲೆಲ್ಲಿ ಬಿಗಿ ಸಾಲದು ಎಂದು ತೋರಿದ್ದು ಈ ದ್ವೈತಿಯ ಪ್ರಶ್ನೆಗಳಿಂದ.

ವಾದ ಅಲ್ಲಿಗೂ ನಿಲ್ಲಲಿಲ್ಲ. ಅದ್ವೈತಸಿದ್ಧಿಗೆ ರಾಮಾಚಾರ್ಯರು ತರಂಗಿಣಿಯಲ್ಲಿ ಪ್ರತ್ಯುತ್ತರ ಕೊಟ್ಟರು, ಅದಕ್ಕೆ ಗೌಡ ಬ್ರಹ್ಮಾನಂದರು ಚಂದ್ರಿಕೆಯಲ್ಲಿ ಉತ್ತರಿಸಿದರು. ರಾಮಾಚಾರ್ಯರು ಮಧುಸೂದನರ ಬಳಿಯೇ ಶಿಷ್ಯರಾಗಿ ಓದಿ ಆಮೇಲೆ ಖಂಡನ ಬರೆದರು ಎಂಬ ಐತಿಹ್ಯವಿದೆ. ಎದುರಿನ ಪಕ್ಷವನ್ನು ಅದರ ಗುರುವಿನ ಬಾಯಿಂದಲೇ ಕಲಿಯಬೇಕು ಎಂಬ ಆದರ್ಶ ಸಂಪ್ರದಾಯದ ಮನಸ್ಸಿನಲ್ಲಿ ಎಷ್ಟು ಆಳವಾಗಿತ್ತೆಂದು ಆ ಕಥೆ ಹೇಳುತ್ತದೆ.

ನಮ್ಮ ಕಾಲೇಜುಗಳಲ್ಲಿ ದರ್ಶನಗಳನ್ನು ಕಲಿಸುವ ರೀತಿ ನೋಡಿ ನನಗೆ ಸಂಕಟವಾಗುತ್ತದೆ. ಅದ್ವೈತದ ಪ್ರಕಾರ ಹೀಗೆ, ವಿಶಿಷ್ಟಾದ್ವೈತದ ಪ್ರಕಾರ ಹಾಗೆ, ದ್ವೈತದ ಪ್ರಕಾರ ಇನ್ನೊಂದು ಎಂದು ತೀರ್ಮಾನಗಳನ್ನು ಮಾತ್ರ ಹಂಚುತ್ತೇವೆ. ಐದು ಅಂಕದ ಪ್ರಶ್ನೆಗೆ ಐದು ವಾಕ್ಯ. ಪೂರ್ವಪಕ್ಷ ಬಿಟ್ಟುಹೋಗಿದೆ, ಶಂಕೆ ಸಮಾಧಾನಗಳು ಬಿಟ್ಟುಹೋಗಿವೆ. ಹಾಗೆ ಓದಿದ ಹುಡುಗಿಗೆ ಮೂರು ಮತಗಳೂ ಬಾಯಿಗೆ ಬರುತ್ತವೆ, ಒಂದರಲ್ಲೂ ತನಗೆ ತಿಳಿಯದ್ದು ಯಾವುದೆಂದು ತಿಳಿಯುವುದಿಲ್ಲ. ಆಕೆಯ ಕೈಗೆ ಶ್ರೀಭಾಷ್ಯದಲ್ಲಿ ಭಾವರೂಪದ ಅಜ್ಞಾನವನ್ನು ಆಕ್ಷೇಪಿಸುವ ಒಂದು ಪುಟವನ್ನು ಸರಳ ಕನ್ನಡದಲ್ಲಿ ಕೊಟ್ಟು, ವಿವರಣಕಾರರ ಪರವಾಗಿ ಉತ್ತರ ಕೊಡು ಎಂದು ಒಂದು ತಾಸು ಬಿಟ್ಟರೆ ವರ್ಷದ ಟಿಪ್ಪಣಿಗಳಿಗಿಂತ ಹೆಚ್ಚು ಕಲಿಯುತ್ತಾಳೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಕೊನೆಯದಾಗಿ, ವಾದ ಅದ್ವೈತದ ಮನೆಯೊಳಗೇ ನಡೆದ ಒಂದು ಪ್ರಸಂಗ. 1929ರಲ್ಲಿ ವೈ. ಸುಬ್ರಹ್ಮಣ್ಯ ಶರ್ಮರು ಮೂಲಾವಿದ್ಯಾನಿರಾಸ ಎಂಬ ಸಂಸ್ಕೃತ ಗ್ರಂಥ ಪ್ರಕಟಿಸಿದರು. ಮುಂದೆ ಸಂನ್ಯಾಸ ಸ್ವೀಕರಿಸಿ, ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಸಚ್ಚಿದಾನಂದೇಂದ್ರ ಸರಸ್ವತಿಗಳೆಂದು ಪ್ರಸಿದ್ಧರಾದವರು ಅವರೇ. ಶಂಕರರ ಭಾಷ್ಯಗಳನ್ನು ಕನ್ನಡಕ್ಕೆ ತಂದ ಅವರ ಉಪಕಾರ ದೊಡ್ಡದು. ಶಂಕರರಲ್ಲಿ ಅವಿದ್ಯೆ ಎಂದರೆ ಅಧ್ಯಾಸ, ಆತ್ಮ ಅನಾತ್ಮಗಳನ್ನು ಒಂದರ ಮೇಲೊಂದು ಹೊರಿಸಿ ಬೆರೆಸಿಕೊಳ್ಳುವುದು, ಅಷ್ಟೇ. ಅದರ ಹಿಂದೆ ಅದಕ್ಕೆ ಉಪಾದಾನವಾದ ಭಾವರೂಪದ ಮೂಲಾವಿದ್ಯೆ ಒಂದಿದೆ ಎಂಬುದು ನಂತರದ ವ್ಯಾಖ್ಯಾನಕಾರರ ಕಲ್ಪನೆ ಎಂದು ಅವರು ವಾದಿಸಿದರು. ರಾಮಾನುಜೀಯರೂ ಮಾಧ್ವರೂ ಹೊರಗಿನಿಂದ ಹಾಕಿದ ಪ್ರಶ್ನೆ ಈಗ ಅದ್ವೈತದ ಒಳಗಿನಿಂದಲೇ ಬಂತು. ಸಂಪ್ರದಾಯದ ವಿದ್ವಾಂಸರು ಬಲವಾಗಿ ಎದುರಿಸಿದರು. ವಾದ ಇನ್ನೂ ತೀರ್ಮಾನವಾಗಿಲ್ಲ.

ಆ ವಾದದಲ್ಲಿ ಸುಷುಪ್ತಿಯ, ಅಂದರೆ ಗಾಢನಿದ್ದೆಯ, ವಿಷಯ ನನ್ನನ್ನು ಬಹಳವಾಗಿ ಹಿಡಿದಿದೆ. ಎಚ್ಚರವಾದ ಮೇಲೆ 'ಚೆನ್ನಾಗಿ ನಿದ್ದೆ ಬಂತು, ಏನೂ ಗೊತ್ತಾಗಲಿಲ್ಲ' ಎನ್ನುತ್ತೇವೆ. ಇದು ನೆನಪು, ನೆನಪಿಗೆ ಹಿಂದೆ ಅನುಭವ ಇರಲೇಬೇಕು, ಆದ್ದರಿಂದ ನಿದ್ದೆಯಲ್ಲಿ ಸಾಕ್ಷಿ ಅಜ್ಞಾನವನ್ನು ಅನುಭವಿಸುತ್ತಿತ್ತು ಎಂದು ವಿವರಣದ ಪಂಥ. ಇದು ನೆನಪಲ್ಲ, ಆ ಹೊತ್ತಿನ ಯಾವ ನೆನಪೂ ಇಲ್ಲದ್ದರಿಂದ ಆಗ ಜ್ಞಾನವಿರಲಿಲ್ಲವೆಂದು ಮಾಡುವ ಅನುಮಾನ ಎಂದು ನೈಯಾಯಿಕರು. ತಿಳಿಯಲು ಎರಡನೆಯದೊಂದು ಅಲ್ಲಿ ಇರಲೇ ಇಲ್ಲ, ಅದಕ್ಕೇ ಏನೂ ತಿಳಿಯಲಿಲ್ಲ, ಅದಕ್ಕೊಂದು ಅಜ್ಞಾನಪದಾರ್ಥ ಬೇಕಿಲ್ಲ ಎಂದು ಸಚ್ಚಿದಾನಂದೇಂದ್ರರು. ಎಚ್ಚರದಲ್ಲಿ 'ತಿಳಿಯಲಿಲ್ಲ' ಎನ್ನುವ ವಿದ್ಯಾರ್ಥಿಗೆ ಒಂದು ವಿಷಯ ಎದುರಿಗಿದೆ, ಕೇಳಲು ಒಂದು ಪ್ರಶ್ನೆಯಿದೆ. ಗಾಢನಿದ್ದೆಯಲ್ಲಿ ವಿಷಯವೂ ಇಲ್ಲ, ಪ್ರಶ್ನೆಯೂ ಇಲ್ಲ. ಎರಡಕ್ಕೂ ಒಂದೇ ಅಜ್ಞಾನವನ್ನು ಹೇಳುವುದು ಸರಿಯಲ್ಲವೆಂದು ನನಗೆ ತೋರುತ್ತದೆ, ಆದ್ದರಿಂದ ನಾನು ಇಲ್ಲಿ ಹೊಳೆನರಸೀಪುರದ ಪಕ್ಷಕ್ಕೆ ಒಲಿಯುತ್ತೇನೆ. ನನ್ನನ್ನು ಅಲುಗಾಡಿಸುವ ಆಕ್ಷೇಪ ಒಂದಿದೆ. ನಿದ್ದೆಯಲ್ಲಿ ಎರಡನೆಯದು ಇರಲಿಲ್ಲ ಎಂಬುದನ್ನೇ ಎಚ್ಚರವಾದವನು ಯಾವ ಪ್ರಮಾಣದಿಂದ ತಿಳಿದ? ನೆನಪಿನಿಂದ ಎಂದರೆ ವಿವರಣಕಾರರಿಗೆ ಶರಣಾದಂತೆ, ಅನುಮಾನದಿಂದ ಎಂದರೆ ಹೇತುವನ್ನು ತೋರಿಸಬೇಕು. ಶ್ರುತಿಯಿಂದ ಎಂದರೆ, ಶ್ರುತಿಯನ್ನು ಓದದವನೂ ಬೆಳಗ್ಗೆ ಎದ್ದು ಅದೇ ಮಾತನ್ನು ಹೇಳುತ್ತಾನಲ್ಲ? ಸಭೆಯಲ್ಲಿ ನ್ಯಾಯವನ್ನೂ ವೇದಾಂತವನ್ನೂ ಬಲ್ಲವರಿದ್ದೀರಿ. ಚರ್ಚೆಗೆಂದು ಇಟ್ಟಿರುವ ಸಮಯವನ್ನು ಈ ಹೇತುವಿನ ಮೇಲೆಯೇ ಕಳೆಯೋಣವೆಂದು ಕೋರುತ್ತೇನೆ.